ನೀಲಿ ಶರ್ಟ್ ಎಲ್ಲಿ?

ಮಗಳೇ,

ನೀನು ಮಾಡಿ ಕಳಿಸಿದ ರ‍್ಯಾಪ್ ಹಾಡು ಕೇಳಿದೆ. ಮೂರು ಸಲ. ಮೊದಲ ಸಲ ಮೊಬೈಲಿನಲ್ಲೇ ಕೇಳಿದ್ದರಿಂದ ಅರ್ಧ ಮಾತು ತಿಳಿಯಲಿಲ್ಲ. ಆಮೇಲೆ ನೀನು ಬಿಟ್ಟುಹೋದ ಹಳೇ ಹೆಡ್‌ಫೋನ್ ಹುಡುಕಿ ಕಿವಿಗೆ ಹಾಕಿಕೊಂಡು ಕೂತೆ. ಎರಡನೇ ಪಲ್ಲವಿ ಮುಗಿದ ಮೇಲೆ ಒಂದು ಗಂಡಸಿನ ದನಿ ಬರುತ್ತದಲ್ಲ, 'ನೀಲಿ ಶರ್ಟ್ ಎಲ್ಲಿ, ನೀಲಿ, ನೀ, ನೀಲಿ, ಎಲ್ಲಿ' ಅಂತ ತುಂಡು ತುಂಡಾಗಿ? ಯಾರಪ್ಪಾ ಇವನು ಅಂದುಕೊಂಡೆ. ಮೂರನೇ ಸಲಕ್ಕೆ ಗೊತ್ತಾಯಿತು. ನಾನೇ!

ಆ ದಿನ ಚೆನ್ನಾಗಿ ನೆನಪಿದೆ. ನೀನು ಬಟ್ಟೆ ಬೀರುವಿನೊಳಗೆ ಅರ್ಧ ಮೈ ತೂರಿಸಿ ನಿಂತಿದ್ದೆ. ಎಡಕ್ಕೊಂದು ಬಲಕ್ಕೊಂದು ಕಂಬಳಿ ಇಳಿಬಿಟ್ಟಿದ್ದೆ, ಗೋಡೆಗೆ ಬಡಿದ ದನಿ ವಾಪಸ್ ಬರಬಾರದು ಅಂತ. ಮೈಕಿನ ಮುಂದೆ ತಂತಿ ಹ್ಯಾಂಗರನ್ನು ಉಂಗುರದ ಹಾಗೆ ಬಗ್ಗಿಸಿ, ಅದಕ್ಕೆ ತೆಳ್ಳಗಿನ ಕಾಲುಚೀಲ ಎಳೆದು ಕಟ್ಟಿದ್ದೆ. 'ಪ', 'ಬ' ಅಂದಾಗ ಬಾಯಿಂದ ಹೊರಡುವ ಗಾಳಿ ಮೈಕಿಗೆ ಡಬ್ ಅಂತ ಬಡಿಯುತ್ತೆ, ಮಹಾಪ್ರಾಣ ಬಂದರಂತೂ ಕೇಳಲೇಬೇಡ ಅಂದಿದ್ದೆ. ಅಂಥ ಹೊತ್ತಿನಲ್ಲಿ ನಾನು ಬಾಗಿಲು ತೆಗೆದು ಶರ್ಟ್ ಕೇಳಿದೆ. ನೀನು ಬೈಯಲಿಲ್ಲ. ಹಣೆ ಹಿಡಿದುಕೊಂಡು ಸುಮ್ನೆ ನಿಂತೆ. ರೆಕಾರ್ಡಿಂಗ್ ಓಡುತ್ತಲೇ ಇತ್ತು ಅಂತ ಈಗ ತಿಳಿಯಿತು.

ಇನ್ನೊಂದು ವಿಷಯ ಒಪ್ಪಿಕೊಳ್ಳಬೇಕು. ನಾಲ್ಕೇ ನಾಲ್ಕು ಸೆಕೆಂಡಿನ ಸಂಗೀತವನ್ನು ನೀನು ಗಂಟೆಗಟ್ಟಲೆ ತಿರುತಿರುಗಿ ಹಾಕುತ್ತಿದ್ದಾಗ 'ಹಾಡಿದ್ದೇ ಹಾಡೋ ಕಿಸಬಾಯಿ ದಾಸ' ಅಂತ ಎಷ್ಟು ಸಲ ಅಂದಿದ್ದೇನೋ. ನೀನು ಹೋದ ಮೇಲೆ ಮನೆ ತಣ್ಣಗಾಯಿತು. ಬೇಜಾರು ಕಳೆಯಲು ನಿನ್ನ ಈ ಹಿಪ್‌ಹಾಪಿನ ಹುಟ್ಟಿನ ಬಗ್ಗೆ ಓದತೊಡಗಿದೆ. ನೋಡಿದರೆ, ಹಾಡಿದ್ದನ್ನೇ ಹಾಡಿದ್ದರಿಂದಲೇ ಇದು ಹುಟ್ಟಿದ್ದು!

ನಿನಗೆ ಇದೆಲ್ಲ ಗೊತ್ತು. ಆದರೂ ಹೇಳುತ್ತೇನೆ, ನನಗೆ ಹೊಸದು. 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್, 1520 ಸೆಜ್‌ವಿಕ್ ಅವೆನ್ಯೂ. ಸಿಂಡಿ ಕ್ಯಾಂಬೆಲ್ ಅನ್ನುವ ಹುಡುಗಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಬೇಕಿತ್ತು. ದುಡ್ಡಿಗಾಗಿ ತಾವಿದ್ದ ಕಟ್ಟಡದಲ್ಲೇ ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದ್ದು ಅವಳಣ್ಣ, ಡಿಜೆ ಕೂಲ್ ಹರ್ಕ್. ಹಾಡುಗಾರ ಬಾಯಿ ಮುಚ್ಚಿ ಬರೀ ಡ್ರಮ್ ಉಳಿಯುವ ಕೆಲವೇ ಸೆಕೆಂಡಿಗಾಗಿ ಕುಣಿಯುವವರು ಕಾಯುತ್ತಾರೆ ಅನ್ನುವುದನ್ನು ಅವನು ಗಮನಿಸಿದ್ದ. ಹಾಗಾಗಿ ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಒಂದರಲ್ಲಿ ಆ ತುಂಡು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರುಮಾಡತೊಡಗಿದ. ಹಿಪ್‌ಹಾಪ್ ಅಂದರೆ ಬಾಯಿಗೆ ಬಂದಿದ್ದನ್ನು ಬೇಗಬೇಗ ಹೇಳುವುದು ಅಂದುಕೊಂಡಿದ್ದೆ. ಮೊದಲು ಬಂದಿದ್ದು ಕಿವಿ, ಬಾಯಿ ಆಮೇಲೆ.

ಇನ್ನೊಬ್ಬ ಡಿಜೆ ಗ್ರ್ಯಾಂಡ್ ವಿಜರ್ಡ್ ಥಿಯೋಡೋರ್ ಕಥೆ ಓದಿ ಮಾತ್ರ ನಗು ತಡೆಯಲಾಗಲಿಲ್ಲ. ಹುಡುಗ ಕೋಣೆಯಲ್ಲಿ ಜೋರಾಗಿ ರೆಕಾರ್ಡ್ ಹಾಕಿಕೊಂಡಿದ್ದನಂತೆ, ಸೌಂಡ್ ಕಡಿಮೆ ಮಾಡು ಅಂತ ಅಮ್ಮ ಬಂದು ಬೈದಳಂತೆ. ಅವಳ ಮಾತು ಕೇಳಿಸಲಿ ಅಂತ ತಿರುಗುವ ರೆಕಾರ್ಡಿನ ಮೇಲೆ ಕೈ ಇಟ್ಟ. ಕೈ ಹಿಂದೆ ಮುಂದೆ ಆಡಿತು, ಜರ್ರ್ ಜರ್ರ್ ಅಂದಿತು. ಅವನೇ ಹೇಳಿಕೊಳ್ಳುವಂತೆ, ಡಿಜೆಗಳು ರೆಕಾರ್ಡನ್ನು ಹಿಂದೆ ಮುಂದೆ ಆಡಿಸಿ ಸದ್ದು ಹುಟ್ಟಿಸುವ ಸ್ಕ್ರ್ಯಾಚ್ ಹುಟ್ಟಿದ್ದು ಹಾಗೆ. ಅಂದರೆ ಬೈಗುಳದ ಪಾಲೂ ಇದರಲ್ಲಿ ಇದೆ ಅಂತಾಯಿತು, ಅಲ್ವಾ?

'ಅಪ್ಪಾ, ಇವತ್ತು 16 ಬಾರ್ ಮುಗಿಸಿದೆ' ಅಂತ ನೀನು ಮೊದಲ ಸಲ ಹೇಳಿದಾಗ ನಾನು ಎಷ್ಟು ಗಾಬರಿಯಾದೆ ಅನ್ನುವುದು ನಿನಗೂ ನೆನಪಿರಬೇಕು. ಆಮೇಲೆ ಪೇಪರಿನ ಮೇಲೆ ಲೆಕ್ಕ ತೋರಿಸಿದೆ. ಬಾರ್ ಅಂದರೆ ತಾಳದ ಒಂದು ಸುತ್ತು, ಒಂದಕ್ಕೆ ನಾಲ್ಕು ಪೆಟ್ಟು, 16ಕ್ಕೆ 64. ನಿಮಿಷಕ್ಕೆ 90 ಪೆಟ್ಟಿನ ವೇಗದಲ್ಲಿ ಎಲ್ಲ ಸೇರಿ ಹತ್ತಿರ ಹತ್ತಿರ 43 ಸೆಕೆಂಡ್. ಆ 43 ಸೆಕೆಂಡಿಗೆ ನೀನು ತೆಗೆದುಕೊಂಡಿದ್ದು ಹನ್ನೊಂದು ದಿನ. ಕರಡು ತಿದ್ದಿಯೇ ತಲೆ ಹಣ್ಣಾದವನು ನಾನು. ನಿನ್ನ ನೋಟ್‌ಬುಕ್ಕಿನಷ್ಟು ಕಾಟು ಹಾಕಿದ ಪುಟ ನಾನು ಜಾಸ್ತಿ ನೋಡಿಲ್ಲ.

ಅದರಲ್ಲಿ ಈ ಎರಡು ಸಾಲು ಇದ್ದವು:

ಕತ್ತಲ ಬೀರು, ಸುತ್ತ ಕಂಬಳಿ
ಒತ್ತಿದ ಮಾತಿಗೆ ಬಿಡಲೊಲ್ಲದ ಚಳಿ

ಮೊದಲು 'ಮುಚ್ಚಿದ ಮಾತಿಗೆ' ಅಂತ ಬರೆದು, ಹೊಡೆದುಹಾಕಿ, 'ಒತ್ತಿದ' ಮಾಡಿದ್ದೆ. ಯಾಕೆ ಅಂತ ಕೇಳಿದರೆ 'ಹಾಗೇ ಚೆನ್ನಾಗಿ ಕೂರುತ್ತೆ' ಅಂದೆ. ಕಂಬಳಿಗೆ ಚಳಿ, ಸಾಲಿನ ಕೊನೆಯ ಪ್ರಾಸ ಎಲ್ಲರಿಗೂ ಕಾಣುತ್ತೆ. ಆದರೆ ಕತ್ತಲ, ಸುತ್ತ, ಒತ್ತಿದ ನೋಡು. ಎರಡನೇ ಅಕ್ಷರ ಮೂರಕ್ಕೂ ಒಂದೇ. ಹಳಗನ್ನಡದ ಕವಿಗಳು ಬಿಡದೆ ಪಾಲಿಸಿದ ಆದಿಪ್ರಾಸ ಅದು. ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿ ನಾನು ಮರೆತಿದ್ದೆ. ನೀನು ಓದದೇ ಕಿವಿಯಿಂದ ಹಿಡಿದೆ. ಇಷ್ಟು ದಿನ ಇದನ್ನು ನಿನಗೆ ಹೇಳಿರಲಿಲ್ಲ, ತಲೆ ಮೇಲೆ ಕೂರುತ್ತೀಯ ಅಂತ.

ಡ್ರಮ್ ವಿಷಯಕ್ಕೂ ಜಗಳ ಆಗಿತ್ತಲ್ಲ. ತಾಳ ತಪ್ಪುತ್ತಿದೆ ಅಂದೆ ನಾನು. ಬೇಕಂತಲೇ ತಡಮಾಡಿ ಬಾರಿಸುತ್ತಿದ್ದೇನೆ ಅಂದೆ ನೀನು. ಜೆ ಡಿಲ್ಲಾ ಅನ್ನುವ ಅಮೆರಿಕದ ಹಿಪ್‌ಹಾಪ್ ಸಂಗೀತಗಾರ ಹಾಗೇ ಪೆಟ್ಟನ್ನು ಕೂದಲೆಳೆಯಷ್ಟು ಆಚೀಚೆ ಜಾರಿಸುತ್ತಿದ್ದ, ಅವನು ತಾಳ ಕಟ್ಟುತ್ತಿದ್ದ ಎಂಪಿಸಿ 3000 ಯಂತ್ರ ಈಗ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿದೆ ಅಂತ ವಾದ ಮುಗಿಸಿದೆ. ನನಗೆ ಇವತ್ತಿಗೂ ಅದು ತಪ್ಪಿದಂತೆಯೇ ಕೇಳುತ್ತೆ. ಆದರೆ ಈ ಹಾಡಿನಲ್ಲಿ ಕಾಲು ತಾನಾಗಿ ಆಡಿದ್ದು ಸುಳ್ಳಲ್ಲ. ಆ ಟಕ್ ಸದ್ದು ನನ್ನ ಸ್ಟೇಪ್ಲರಿನದು ತಾನೇ?

ಇನ್ನು ಆ ಒಪ್ಪಂದದ ವಿಷಯ. ಮ್ಯೂಸಿಕ್ ಕಂಪನಿಯೊಂದು ದುಡ್ಡು ಮುಂದಿಟ್ಟಾಗ ನೀನು ಬೇಡ ಅಂದೆ. ಮನೆ ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಒದೀತೀಯಾ ಅಂತ ನಾನು ಕೂಗಾಡಿದೆ. ಆ ಕಾಗದ ಇನ್ನೂ ಮೇಜಿನ ಡ್ರಾಯರಿನಲ್ಲಿದೆ. ಮೊನ್ನೆ ಕರಡು ಓದುವ ಹಾಗೆ ಅಕ್ಷರ ಅಕ್ಷರ ಓದಿದೆ. ಮಾಸ್ಟರ್ ರೆಕಾರ್ಡಿಂಗ್, ಅಂದರೆ ಹಾಡಿನ ಮೂಲ ಧ್ವನಿಮುದ್ರಣ, ಶಾಶ್ವತವಾಗಿ ಅವರದು ಅನ್ನುವ ಮಾತನ್ನು ಒಂಬತ್ತನೇ ಪುಟದಲ್ಲಿ ಎಲ್ಲಕ್ಕಿಂತ ಉದ್ದದ ವಾಕ್ಯದ ಹೊಟ್ಟೆಯೊಳಗೆ ಇಟ್ಟಿದ್ದಾರೆ. ಬರೆದ ಸಾಹಿತ್ಯ, ಸಂಗೀತದ ಹಕ್ಕು ಒಂದು, ಆ ರೆಕಾರ್ಡಿಂಗಿನ ಹಕ್ಕೇ ಬೇರೆ ಅಂತ ನೀನು ಅವತ್ತು ಹೇಳಿದ್ದು ನನ್ನ ತಲೆಗೆ ಹೋಗಿರಲಿಲ್ಲ. ತಪ್ಪಾಯಿತು.

ಹಾಗಂತ ಒಬ್ಬಳೇ ಮಾಡುವುದು ಸುಲಭ ಅಂತ ನಾನು ನಂಬಿಲ್ಲ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸಲ ಕೇಳಿದ ಲೆಕ್ಕ, 2024ರಿಂದ 12 ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿಗೆ ಬಿಡಿಗಾಸೂ ಇಲ್ಲ. ಅದಕ್ಕೇ ಪೀಠಿಕೆ ಕತ್ತರಿಸಿ ಮೊದಲ ಸಾಲಿಗೇ ಬಂದುಬಿಡುತ್ತೀಯೇನೋ. ಈ ಹಾಡಿಗೆ ಸ್ವಲ್ಪ ಪೀಠಿಕೆ ಬೇಕಿತ್ತು ಅಂತ ನನಗನಿಸಿತು. ಅಮೆರಿಕದ ರ‍್ಯಾಪರ್ ನಿಪ್ಸಿ ಹಸಲ್ 2013ರಲ್ಲಿ ಮಿಕ್ಸ್‌ಟೇಪ್ ಅನ್ನುವ ತನ್ನ ಹಾಡುಗಳ ಸಂಗ್ರಹವನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಬಿಟ್ಟು, ಅದರದ್ದೇ 1000 ಪ್ರತಿಯನ್ನು ತಲಾ 100 ಡಾಲರಿಗೆ ಮಾರಾಟಕ್ಕಿಟ್ಟನಂತೆ. ರ‍್ಯಾಪರ್ ಲಿಟಲ್ ಸಿಮ್ಜ್ ತನ್ನದೇ ಲೇಬಲಿನಿಂದ, ಅಂದರೆ ಸ್ವಂತ ಹಾಡಿನ ಕಂಪನಿಯಿಂದ ಬಂದು 2022ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಗೆದ್ದಳು. ಇಂಥವರು ಎಲ್ಲೋ ಒಬ್ಬಿಬ್ಬರು. ಇನ್ನುಳಿದವರು ಹಗಲು ಒಂದು ಕೆಲಸ, ರಾತ್ರಿ ಇನ್ನೊಂದು ಕೆಲಸ ಮಾಡುತ್ತಾರೆ, ನಿನ್ನ ಹಾಗೆ. ನಿದ್ದೆ ಮಾಡುತ್ತೀಯಾ ಸರಿಯಾಗಿ? ಅದೊಂದನ್ನು ಮಾತ್ರ ಕೇಳುತ್ತೇನೆ, 'ಇದರಿಂದ ಏನು ಸಿಗುತ್ತೆ' ಅಂತ ಇನ್ನು ಕೇಳಲ್ಲ.

ಈಗ ನನ್ನ ತಕರಾರು. 1991ರಲ್ಲಿ ರ‍್ಯಾಪರ್ ಬಿಜ್ ಮಾರ್ಕಿ ಬೇರೆಯವರ ಹಾಡಿನ ತುಂಡನ್ನು ಒಪ್ಪಿಗೆಯಿಲ್ಲದೆ ಬಳಸಿದ್ದಕ್ಕೆ ನ್ಯೂಯಾರ್ಕಿನ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತು. ನೀನು ನನ್ನ ದನಿ ತೆಗೆದುಕೊಂಡೆ, ಕತ್ತರಿಸಿದೆ, ಹಿಂದು ಮುಂದು ಮಾಡಿದೆ, ಒಂದು ಮಾತು ಕೇಳಲಿಲ್ಲ. ಜೊತೆಗೆ ಮಾಡಿದವರ ಪಾಲು ಬರೆಯುವ ಆ ಸ್ಪ್ಲಿಟ್ ಶೀಟನ್ನು ಕಳಿಸು. ಎಷ್ಟು ಬರೆದರೂ ಸಹಿ ಹಾಕುತ್ತೇನೆ. ಹೆಸರು ಮಾತ್ರ ತಪ್ಪಿಲ್ಲದೆ ಬರಲಿ.

ಅಂದಹಾಗೆ, ಶರ್ಟ್ ಸಿಕ್ಕಿತು. ನಿನ್ನೆ ಧೂಳು ಕೊಡವಲು ಕಂಬಳಿ ಸರಿಸಿದರೆ ಹಿಂದೆ ಎರಡು ಕ್ಲಿಪ್ಪಿಗೆ ನೇತಾಡುತ್ತಿತ್ತು. ಅಲ್ಲಿ ಸಂದು ಉಳಿದಿತ್ತು ಅಂತ ನೀನೇ ಸಿಕ್ಕಿಸಿದ್ದು. ತೆಗೆಯದೆ ಹಾಗೇ ಬಿಟ್ಟಿದ್ದೇನೆ.

ನಿನ್ನ
ಅಪ್ಪ