ಚಳಿ ತಡೆಯುವುದು ಬಾಳೆಯ ಗಡ್ಡೆ, ಎಲೆಯಲ್ಲ

ಮಾನ್ಯ ಸಂಪಾದಕರೇ,

ಹಿಮ ಬೀಳುವ ದೇಶಗಳ ಮನೆಯಂಗಳದಲ್ಲಿ ಬೆಳೆಯುವ ಬಾಳೆಯ ಕುರಿತು ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಈಚೆಗೆ ಬಂದ ಸಚಿತ್ರ ಲೇಖನವನ್ನು ಆಸಕ್ತಿಯಿಂದ ಓದಿದೆ. ಚಿತ್ರಗಳು ಚೆನ್ನಾಗಿದ್ದವು, ಮಾಹಿತಿಯೂ ಬಹುಪಾಲು ಸರಿಯಾಗಿತ್ತು. ಆದರೆ ಈ 'ಜಪಾನ್ ಬಾಳೆ'ಯನ್ನು ತಂದು ನೆಟ್ಟರೆ, ಪುಷ್ಯ-ಮಾಘದ ಚಳಿಗೆ ಗೊನೆ ಸೊರಗುವ ಮಲೆನಾಡಿನ ತೋಟಗಳಿಗೂ ಪರಿಹಾರ ಸಿಕ್ಕೀತು ಎಂಬ ಅರ್ಥದ ಮಾತು ಲೇಖನದ ಕೊನೆಯಲ್ಲಿ ಇದೆ. ಹೊಸನಗರ ತಾಲ್ಲೂಕಿನಲ್ಲಿ ಅಡಿಕೆಯ ನಡುವೆ ನಲವತ್ತು ವರ್ಷಗಳಿಂದ ಬಾಳೆ ಬೆಳೆಯುತ್ತಿರುವ ಮತ್ತು ದಕ್ಷಿಣ ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿ ಒಂದು ಇಡೀ ಚಳಿಗಾಲ ಉಳಿದು ಅದೇ ಬಾಳೆಯನ್ನು ಕೈಯಾರೆ ಆರೈಕೆ ಮಾಡಿರುವ ನನಗೆ, ಆ ಒಂದು ಮಾತು ರೈತರ ಹಣವನ್ನೂ ಶ್ರಮವನ್ನೂ ಹಾಳುಮಾಡೀತೆಂಬ ಆತಂಕವಿದೆ. ಅದಕ್ಕಾಗಿ ಈ ಪತ್ರ.

ಲೇಖನದಲ್ಲಿ ಹೇಳಿದ ಗಿಡದ ಶಾಸ್ತ್ರೀಯ ಹೆಸರು ಮ್ಯೂಸಾ ಬಾಸ್ಜೂ. ಜಪಾನಿನ ಹೆಸರು ಅಂಟಿಕೊಂಡಿದ್ದರೂ ಅದರ ತವರು ದಕ್ಷಿಣ ಚೀನಾ. ಜಪಾನಿನಲ್ಲಿ ಅದನ್ನು ನಾರಿಗಾಗಿಯೂ ಅಂದಕ್ಕಾಗಿಯೂ ಬೆಳೆಸಿದರು, ಅಲ್ಲಿಂದ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅದು ಬ್ರಿಟನ್ನಿನ ತೋಟಗಳನ್ನು ಸೇರಿತು. ಅಲ್ಲಿನವರು ಅದನ್ನು ನೆಡುವುದು ಬೇಸಿಗೆಯ ನಾಲ್ಕೈದು ತಿಂಗಳು ಅಂಗಳದಲ್ಲಿ ಆಳೆತ್ತರ ಮೀರಿ ಹರಡುವ ಆ ಎಲೆಗಳಿಗಾಗಿ ಮಾತ್ರ. ಅಪರೂಪಕ್ಕೆ ಹೂ ಬಿಟ್ಟು ಕಾಯಿ ಕಟ್ಟಿದರೂ ಕಾಯಿ ಬೆರಳುದ್ದಕ್ಕಿಂತ ಹೆಚ್ಚಿಗೆ ಬೆಳೆಯುವುದಿಲ್ಲ, ಒಳಗೆ ತಿರುಳಿಗಿಂತ ಬೀಜವೇ ಹೆಚ್ಚು, ತಿನ್ನಲು ಬಾರದು. ಈ ಸಂಗತಿ ಲೇಖನದಲ್ಲಿ ಎಲ್ಲಿಯೂ ಇಲ್ಲದಿರುವುದು ದೊಡ್ಡ ಕೊರತೆ.

'ಚಳಿ ತಡೆಯುವ ಬಾಳೆ' ಎಂದಾಗ ಚಳಿಯನ್ನು ತಡೆಯುವುದು ಗಿಡದ ಯಾವ ಭಾಗ ಎಂಬುದೂ ಸ್ಪಷ್ಟವಾಗಬೇಕು. ತಾಪಮಾನ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಇಳಿದರೆ ಅದರ ಎಲೆಯೂ ನಮ್ಮ ಪುಟ್ಟಬಾಳೆಯ ಎಲೆಯಂತೆಯೇ ಒಂದೇ ರಾತ್ರಿಯಲ್ಲಿ ಕಪ್ಪಾಗಿ ಜೋತುಬೀಳುತ್ತದೆ. ಬಾಳೆಕಂಬ ಎಂದು ನಾವು ಕರೆಯುವುದು ಕಾಂಡವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಯ ಬುಡದ ಪಟ್ಟೆಗಳು. ಗೊನೆ ಕಡಿದ ಮೇಲೆ ನಾವು ಪಲ್ಯಕ್ಕೆ ತೆಗೆಯುವ ದಿಂಡು ಕೂಡ ಗಡ್ಡೆಯಿಂದ ಹೊರಟು ಆ ಪಟ್ಟೆಗಳ ನಡುವೆ ಮೇಲೇರಿ ಬಂದ ಗೊನೆಯ ದಂಟೇ. ನಿಜವಾದ ಕಾಂಡ ನೆಲದೊಳಗಿನ ಗಡ್ಡೆ. ಬಾಸ್ಜೂ ಬಾಳೆಯ ಹೆಚ್ಚುಗಾರಿಕೆ ಇರುವುದು ಈ ಗಡ್ಡೆಯಲ್ಲಿ: ಮೇಲೆ ದಪ್ಪನೆಯ ಮುಚ್ಚಿಗೆ ಇದ್ದರೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯನ್ನೂ ತಾಳಿಕೊಂಡು, ಬೇಸಿಗೆ ಬಂದಾಗ ಮತ್ತೆ ಕಂದು, ಅಂದರೆ ಬುಡದಿಂದ ಏಳುವ ಮರಿಗಿಡ, ಹೊರಡಿಸುತ್ತದೆ. ಕಂಬ ಪ್ರತಿವರ್ಷ ನೆಲದ ಮಟ್ಟಕ್ಕೆ ಸತ್ತರೆ ಗಿಡ ಪ್ರತಿವರ್ಷ ಮೊದಲಿನಿಂದಲೇ ಆರಂಭಿಸಬೇಕಾಗುವುದರಿಂದ ಹೂವಿನ ಹಂತಕ್ಕೆ ಬರುವುದೇ ಇಲ್ಲ. ಆ ಕಂಬವನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಅಲ್ಲಿನವರು ಅಷ್ಟೊಂದು ಪಾಡುಪಡುತ್ತಾರೆ.

ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಗಳ ಮನೆಯ ಹಿತ್ತಲಲ್ಲಿ ಇಂಥ ಎರಡು ಗಿಡಗಳಿದ್ದವು. ನವೆಂಬರಿನಲ್ಲಿ ಮೊದಲ ಇಬ್ಬನಿ ಹೆಪ್ಪುಗಟ್ಟಿ ಎಲೆ ಕಪ್ಪಾದ ಮೇಲೆ ಎಲೆಗಳನ್ನೆಲ್ಲ ಕಡಿದು, ಕೋಳಿಗೂಡಿಗೆ ಹಾಕುವ ತಂತಿಬಲೆಯನ್ನು ಒಂದು ಕಂಬದ ಸುತ್ತ ಗೂಡಿನಂತೆ ನಿಲ್ಲಿಸಿ, ಒಳಗೆ ಗೋಧಿಹುಲ್ಲನ್ನು ಸಡಿಲವಾಗಿ ತುಂಬಿ, ನೆತ್ತಿಯ ಮೇಲೆ ಮಳೆನೀರು ಇಳಿಯದಂತೆ ಹಳೆಯ ಹೆಂಚೊಂದನ್ನು ಇಟ್ಟೆವು. ಹುಲ್ಲು ಮುಗಿದುಹೋದದ್ದರಿಂದ ಇನ್ನೊಂದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬುಡದಿಂದ ತುದಿಯವರೆಗೆ ಬಿಗಿಯಾಗಿ ಸುತ್ತಿ ಹಗ್ಗ ಕಟ್ಟಲಾಯಿತು. ನಾನೂ ಆಗ ಬೇಡವೆನ್ನಲಿಲ್ಲ. ಏಪ್ರಿಲಿನಲ್ಲಿ ನಾನು ಊರಿಗೆ ಹೊರಡುವ ವಾರದಲ್ಲಿ ಎರಡನ್ನೂ ಬಿಚ್ಚಿದೆವು. ಹುಲ್ಲಿನ ಗೂಡಿನೊಳಗಿನ ಕಂಬದ ಹೊರಪಟ್ಟೆ ಒಣಗಿ ಅಡಿಕೆ ಹಾಳೆಯಂತೆ ಗರಿಗರಿಯಾಗಿತ್ತು, ಒಳಗೆ ಮುಟ್ಟಿದರೆ ಗಟ್ಟಿಯಿತ್ತು, ನೆತ್ತಿಯಲ್ಲಿ ತಿಳಿಹಸಿರು ಸುಳಿ ಇಣುಕುತ್ತಿತ್ತು. ಪ್ಲಾಸ್ಟಿಕ್ ಸುತ್ತಿದ ಕಂಬವನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆರಳು ಒಳಗೇ ಹೋಯಿತು. ಕಾಫಿ ಬಣ್ಣದ ನೀರು ಒಸರಿ, ಮಳೆಗಾಲದಲ್ಲಿ ಕೊಳೆತ ಅಡಿಕೆಯ ರಾಶಿಯಿಂದ ಬರುವಂಥದೇ ವಾಸನೆ ಬಂತು. ಕತ್ತಿಯಿಂದ ಮೇಲಿನಿಂದ ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತ ಬಂದೆ. ನೆಲದಿಂದ ಒಂದು ಗೇಣು ಎತ್ತರಕ್ಕೆ ಬಂದ ಮೇಲೆಯೇ ಬೆಳ್ಳನೆಯ, ಬಿಗಿಯಾದ ಭಾಗ ಕಂಡದ್ದು. ಜೂನ್ ತಿಂಗಳಲ್ಲಿ ಮಗಳು ಫೋನ್ ಮಾಡಿ, "ಅಪ್ಪಯ್ಯ, ಗಡ್ಡೆ ಸತ್ತಿಲ್ಲ, ಮೂರು ಕಂದು ಬಂದಿದೆ" ಎಂದಾಗ ಆದ ಸಂತೋಷವನ್ನು ಬಾಳೆ ಬೆಳೆದವರು ಅರ್ಥಮಾಡಿಕೊಂಡಾರು.

ಒಂದೇ ಹಿತ್ತಲು, ಒಂದೇ ಚಳಿ. ಹಾಗಿದ್ದೂ ಒಂದು ಕಂಬ ಉಳಿದು ಇನ್ನೊಂದು ಕೊಳೆತದ್ದಕ್ಕೆ ಕಾರಣ ಒಳಗೆ ಸಿಕ್ಕಿಕೊಂಡ ತೇವ. ಗಿಡ ತಾನೇ ಬಿಡುವ ಆವಿ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಪಟ್ಟೆಗಳ ಸಂದಿಗೇ ಇಳಿಯುತ್ತದೆ. ಚಳಿಗೆ ಬೆಳವಣಿಗೆ ನಿಂತಿರುವ ಗಿಡ ಆ ನೀರನ್ನು ಬಳಸಿಕೊಳ್ಳಲಾರದು. ಹೊರನಾಡಿನಲ್ಲಿ ನೆಲೆಸಿ ಊರಿನ ನೆನಪಿಗೆಂದು ಬಾಳೆ ನೆಡುವ ಕನ್ನಡಿಗರು ಈಗ ಅನೇಕರಿದ್ದಾರೆ. ನೀರು ನಿಲ್ಲದ ಜಾಗ, ಗಾಳಿಗೆ ಮರೆ, ಗಾಳಿಯಾಡುವ ಹುಲ್ಲು ಅಥವಾ ದರಗಿನ (ಒಣ ಎಲೆಯ) ಹೊದಿಕೆ, ನೆತ್ತಿಯ ಮೇಲೆ ಸೂರು, ಇಷ್ಟನ್ನು ಅವರಿಗೆ ತಿಳಿಸಿದರೆ ತಮ್ಮ ಲೇಖನ ಇನ್ನಷ್ಟು ಉಪಯುಕ್ತವಾಗುತ್ತಿತ್ತು. ಬೇಸಿಗೆ ಮುಗಿಯುತ್ತ ಬಂದಾಗ ಸಾರಜನಕದ ಗೊಬ್ಬರ ಹಾಕಬಾರದೆಂಬುದನ್ನೂ ಸೇರಿಸಬಹುದಿತ್ತು, ಏಕೆಂದರೆ ಆಗ ಬರುವ ಎಳೆಯ, ನೀರು ತುಂಬಿದ ಬೆಳವಣಿಗೆಯೇ ಮೊದಲು ಕೊಳೆಯುತ್ತದೆ. ಪೂರ್ವ ಹಿಮಾಲಯದ ನಮ್ಮದೇ ಸಿಕ್ಕಿಂ ಬಾಳೆಯನ್ನೂ ಅಲ್ಲಿನ ನರ್ಸರಿಗಳು ಮಾರುತ್ತವೆ ಎಂಬುದನ್ನು ನೋಡಿ ನನಗೆ ಹೆಮ್ಮೆಯಾಯಿತು. ಎಲೆಯ ಮೇಲಿನ ಕೆಂಪುಛಾಯೆಗಾಗಿ ಜನ ಅದನ್ನು ಮೆಚ್ಚುತ್ತಾರೆ.

ಇನ್ನು ಮಲೆನಾಡಿನ ವಿಷಯ. ನಮ್ಮಲ್ಲಿ ಚಳಿಗಾಲದ ರಾತ್ರಿಗಳಲ್ಲಿ ತಾಪಮಾನ 12-14 ಡಿಗ್ರಿಗೆ ಇಳಿಯುವುದುಂಟು, ಆದರೆ ಗಡ್ಡೆಯನ್ನು ಕೊಲ್ಲುವಂಥ ಹೆಪ್ಪುಗಟ್ಟುವ ಚಳಿ ಇಲ್ಲ. ಸುಮಾರು 15 ಡಿಗ್ರಿಯಿಂದ ಕೆಳಗೆ ಬಾಳೆಯಲ್ಲಿ ಹೊಸ ಎಲೆ ಬರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆ ಸಮಯಕ್ಕೆ ಸರಿಯಾಗಿ ಗೊನೆ ಹೊರಡಬೇಕಾದ ಗಿಡದಲ್ಲಿ, ಮುಖ್ಯವಾಗಿ ಪಚ್ಚಬಾಳೆಯಲ್ಲಿ, ಗೊನೆ ಗಂಟಲಲ್ಲೇ ಸಿಕ್ಕಿಕೊಂಡು ಪೂರ್ತಿ ಹೊರಬಾರದೆ ಚಿಪ್ಪುಗಳು ಒತ್ತೊತ್ತಾಗಿ ಸೊಟ್ಟಗಾಗುತ್ತವೆ. ನಮ್ಮ ತೊಂದರೆ ಇದು. ಗಡ್ಡೆ ಎಷ್ಟೇ ಗಟ್ಟಿಯಿದ್ದರೂ ಇದಕ್ಕೆ ಪ್ರಯೋಜನವಿಲ್ಲ. ಇದಕ್ಕೆ ಪರಿಹಾರ ಕಂದು ನೆಡುವ ಕಾಲವನ್ನು ಎಣಿಸಿ ನಿರ್ಧರಿಸುವುದು: ಏಳೆಂಟು ತಿಂಗಳಿಗೆ ಗೊನೆ ಹಾಕುವ ಗಿಡವನ್ನು ಏಪ್ರಿಲ್-ಮೇಯಲ್ಲಿ ನೆಟ್ಟರೆ ಗೊನೆ ಡಿಸೆಂಬರ್-ಜನವರಿಯ ಚಳಿಗೆ ಸಿಗುತ್ತದೆ, ಎರಡು ಮೂರು ತಿಂಗಳು ಹಿಂದೆ ಮುಂದೆ ಮಾಡಿದರೆ ತಪ್ಪುತ್ತದೆ. ಹಿರಿಯರು ಮಾಡುತ್ತಿದ್ದುದೂ ಇದನ್ನೇ. ಅದರ ಜೊತೆಗೆ ಬುಡಕ್ಕೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ದರಗಿನ ಹೊದಿಕೆ ಮತ್ತು ಸರಿಯಾದ ಬಸಿಗಾಲುವೆ ಇದ್ದರೆ ಸಾಕು.

ಗಡ್ಡೆಯೊಳಗೆ ಜೀವ ಹಿಡಿದು ಕಷ್ಟದ ಕಾಲ ಕಳೆಯುವ ಬಾಳೆಯನ್ನು ನೋಡಬೇಕೆನ್ನುವವರು ಜಪಾನಿಗೂ ಇಂಗ್ಲೆಂಡಿಗೂ ಹೋಗಬೇಕಾಗಿಲ್ಲ. ನಮ್ಮ ಘಟ್ಟದ ಕಲ್ಲುಧರೆಗಳ ಸಂದಿಯಲ್ಲಿ ಬೆಳೆಯುವ ಕಲ್ಲುಬಾಳೆ ಮಳೆಗಾಲ ಮುಗಿದ ಮೇಲೆ ಎಲೆಗಳನ್ನೆಲ್ಲ ಒಣಗಿಸಿ, ಬುಡ ದಪ್ಪಗಿನ ಮೋಟುಕಂಬವಾಗಿ ಬಿಸಿಲಲ್ಲಿ ಕುಳಿತಿದ್ದು, ಮೊದಲ ಮಳೆಗೆ ಮತ್ತೆ ಸುಳಿ ಬಿಡುತ್ತದೆ. ಅದು ತಡೆಯುವುದು ಚಳಿಯನ್ನಲ್ಲ, ಒಣಗನ್ನು. ಉಪಾಯ ಮಾತ್ರ ಒಂದೇ. ಅದಕ್ಕೆ ಕಂದು ಬರುವುದಿಲ್ಲ, ಒಮ್ಮೆ ಗೊನೆ ಹಾಕಿ ಸಾಯುತ್ತದೆ, ಬೀಜದಿಂದಲೇ ಮರುಹುಟ್ಟು. ಔಷಧಕ್ಕೆಂದು ಬೀಜವನ್ನೆಲ್ಲ ಆರಿಸಿ ತಂದುಬಿಟ್ಟರೆ ಮುಂದಿನ ಪೀಳಿಗೆಯ ಗಿಡ ಇರುವುದಿಲ್ಲ. ತಮ್ಮ ಕೃಷಿ ಪುಟದಲ್ಲಿ ಇದರ ಕುರಿತೂ ಒಂದು ಲೇಖನ ಬರಬೇಕೆಂಬುದು ನನ್ನ ಆಸೆ.

ಈ ಪತ್ರ ಬರೆಯಲು ತುರ್ತು ಇನ್ನೊಂದಿದೆ. ಕಳೆದ ತಿಂಗಳು ಶಿವಮೊಗ್ಗದಲ್ಲಿ ಸಸಿ ಮಾರುವವರೊಬ್ಬರು 'ಹಿಮಕ್ಕೂ ಜಗ್ಗದ ಬಾಳೆ, ಚಳಿಗಾಲದಲ್ಲೂ ಗೊನೆ' ಎಂದು ಬರೆದು ಹಾಕಿದ್ದನ್ನು ನಾನೇ ನೋಡಿದೆ. ಯಾವ ಜಾತಿ, ತಿನ್ನುವ ಹಣ್ಣೋ ಅಲ್ಲವೋ ಎಂದು ಕೇಳಿದ್ದಕ್ಕೆ ನೇರ ಉತ್ತರ ಬರಲಿಲ್ಲ. ವಿದೇಶಕ್ಕೆ ಹೋಗಿಬರುವವರ ಚೀಲದಲ್ಲಿ ಕಂದು ತರಿಸಿಕೊಳ್ಳುವ ಮಾತನ್ನೂ ಊರಿನಲ್ಲಿ ಕೇಳಿದ್ದೇನೆ. 2003ರ ಸಸ್ಯ ಸಂಗರೋಧ ಆದೇಶದಂತೆ ಅನುಮತಿ ಮತ್ತು ತಪಾಸಣೆಯಿಲ್ಲದೆ ಹಾಗೆ ತರುವಂತಿಲ್ಲ. ಪನಾಮಾ ಸೊರಗು ರೋಗ ನಂಜನಗೂಡಿನ ರಸಬಾಳೆಯನ್ನು ಯಾವ ಗತಿಗೆ ತಂದಿತೆಂಬುದು ನಮ್ಮ ಕಣ್ಣೆದುರಿಗೇ ಇದೆ. ಆ ರೋಗ ಹಬ್ಬುವುದು ಮುಖ್ಯವಾಗಿ ಕಂದು ಮತ್ತು ಅದಕ್ಕೆ ಅಂಟಿದ ಮಣ್ಣಿನ ಮೂಲಕ.

ನೆರೆಯ ಊರಿನ ರೈತರೊಬ್ಬರು ಲೇಖನದ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ ಇಂಥ ಇಪ್ಪತ್ತು ಸಸಿಗಳಿಗೆ ಮುಂಗಡ ಕೊಟ್ಟು ಬಂದಿದ್ದಾರೆ. ಮಳೆ ಹಿಡಿಯುವ ಮೊದಲು ಗುಂಡಿ ತೆಗೆಯುವ ಸಿದ್ಧತೆಯಲ್ಲಿದ್ದಾರೆ. ನನ್ನ ಮಾತಿಗಿಂತ ಅಚ್ಚಿನಲ್ಲಿ ಬಂದ ಮಾತಿಗೆ ಅವರಲ್ಲಿ ನಂಬಿಕೆ ಹೆಚ್ಚು. ಆದ್ದರಿಂದ ಆ ಗಿಡದ ಹಣ್ಣು ತಿನ್ನಲು ಬರುವುದಿಲ್ಲವೆಂಬ ಒಂದು ವಾಕ್ಯದ ಸ್ಪಷ್ಟೀಕರಣವನ್ನಾದರೂ ಮುಂದಿನ ವಾರದ ಕೃಷಿ ಪುಟದಲ್ಲಿಯೇ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ-ಬಾಳೆ ಬೆಳೆಗಾರ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ