14 ತಿಂಗಳ ನಂತರ 18 ಹೋಲ್

ಸೊಂಟನೋವಿನ 14 ತಿಂಗಳ ನಂತರ, ಕಳೆದ ಭಾನುವಾರ ಚಾಮುಂಡಿ ಬೆಟ್ಟದ ತಪ್ಪಲಿನ ನಮ್ಮ ಗಾಲ್ಫ್ ಕೋರ್ಸಿನಲ್ಲಿ 18 ಹೋಲ್ (ಚೆಂಡು ಬೀಳಿಸುವ ಗುಳಿ) ಪೂರ್ತಿ ನಡೆದೇ ಆಡಿದೆ. ಮನೆಗೆ ಬಂದು ಶೂ ಲೇಸನ್ನು ನಾನೇ ಬಗ್ಗಿ ಬಿಚ್ಚಿದೆ. ಈ ದಿನ ಬರಲು ಕಾರಣರಾದ ಕೆಲವರಿಗೆ ಎಲ್ಲರೆದುರು ಧನ್ಯವಾದ ಹೇಳಬೇಕು.

ವಾರವಿಡೀ ಕುರ್ಚಿಯಲ್ಲಿ ಕೂತು ಕೆಲಸ. ಭಾನುವಾರ ಕಾರಿನಿಂದ ಇಳಿದವನೇ ಡ್ರೈವರ್, ಅಂದರೆ ಚೆಂಡನ್ನು ದೂರಕ್ಕೆ ಹೊಡೆಯುವ ಉದ್ದದ ಗಾಲ್ಫ್ ಕೋಲು, ಹಿಡಿದು ಜೋರಾಗಿ ಬೀಸುವುದು. 12 ವರ್ಷ ಹೀಗೇ ನಡೆಯಿತು. ಹೋದ ವರ್ಷ ಒಂದು ಬೆಳಿಗ್ಗೆ ಸ್ವಿಂಗ್ ಮುಗಿಯುವಷ್ಟರಲ್ಲಿ ಸೊಂಟದಲ್ಲಿ ಚಳುಕು ಹೊಡೆಯಿತು. ಸಂಜೆಗೆ ನೋವು ಬಲಗಾಲಿನ ಹಿಂಬದಿಯಿಂದ ಪಾದದವರೆಗೆ ಇಳಿದಿತ್ತು. ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ (ಎಲ್4, ಎಲ್5) ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿ ನರ ಒತ್ತುತ್ತಿದೆ ಅಂತ ಎಂಆರ್‌ಐ ತೋರಿಸಿತು. ಕಿಟ್ ಮಾರಿಬಿಡು ಅಂದವರೇ ಜಾಸ್ತಿ.

ಡಾಕ್ಟರ್ ಹಾಗನ್ನಲಿಲ್ಲ. ಪಾದದಲ್ಲಿ ಶಕ್ತಿ ಇದೆಯಾ, ತೊಡೆಸಂದಿಯಲ್ಲಿ ಮರಗಟ್ಟಿದೆಯಾ, ಮೂತ್ರ ಹಿಡಿತದಲ್ಲಿದೆಯಾ ಅಂತ ಸಾವಧಾನವಾಗಿ ಕೇಳಿ ಪರೀಕ್ಷಿಸಿದರು. ಅದರಲ್ಲಿ ಯಾವುದೇ ಹೆಚ್ಚುಕಮ್ಮಿಯಾದರೂ ತಡಮಾಡದೆ ಬನ್ನಿ, ಇಲ್ಲದಿದ್ದರೆ ಇಂಥದ್ದು ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ಇಳಿಯುತ್ತದೆ ಅಂದರು. ಆ ರಾತ್ರಿ ಎಷ್ಟೋ ದಿನಗಳ ನಂತರ ನಿದ್ದೆ ಬಂತು. ಅವರಿಗೆ ನಾನು ಋಣಿ.

ಗಾಲ್ಫ್ ಆಟಗಾರ ಟೈಗರ್ ವುಡ್ಸ್ 2017ರಲ್ಲಿ ನಾಲ್ಕನೇ ಸಲ ಬೆನ್ನಿನ ಆಪರೇಷನ್ ಮಾಡಿಸಿಕೊಂಡು 2019ರಲ್ಲಿ ಮಾಸ್ಟರ್ಸ್ ಅನ್ನೋ ದೊಡ್ಡ ಟೂರ್ನಿ ಗೆದ್ದರಲ್ಲ, ಮಲಗಿದಲ್ಲೇ ಅದನ್ನೇ ನೆನೆಯುತ್ತಿದ್ದೆ. ನನಗೆ ವ್ಯಾಯಾಮ ಕಲಿಸುತ್ತಿದ್ದ ಫಿಜಿಯೋ ಮೇಡಂಗೆ ಹೇಳಿದಾಗ ಅವರು, "ಅವರ ಧೈರ್ಯ ತಗೊಳ್ಳಿ, ಅವರ ಸ್ವಿಂಗ್ ಬೇಡ" ಅಂದರು.

ಮೇಡಂ ಕಲಿಸಿದ್ದನ್ನು ಯಾರೂ ಮೊದಲೇ ನನಗೆ ಹೇಳಿರಲಿಲ್ಲ. ಗಾಲ್ಫಿಗೆ ಸೊಂಟ ತಿರುಚಬೇಕು ಅಂತಲೇ ನಂಬಿದ್ದೆ. ಸೊಂಟದ ಐದು ಮೂಳೆಗಳಲ್ಲಿ ಒಂದರ ಮೇಲೊಂದು ತಿರುಗುವುದು ಒಂದೆರಡು ಡಿಗ್ರಿ ಅಷ್ಟೇ. ತಿರುಗಬೇಕಾದದ್ದು ತೊಡೆ ಸೇರುವ ಕೀಲು, ಮತ್ತು ಪಕ್ಕೆಲುಬು ಇರುವ ಮೇಲಿನ ಬೆನ್ನು. ಕೂತು ಕೂತು ನನ್ನವು ಎರಡೂ ಬಿಗಿದಿದ್ದವು. ಅವು ತಿರುಗದ ಪಾಲನ್ನೆಲ್ಲ ಪಾಪ ಸೊಂಟವೇ ಹೊತ್ತಿತ್ತು. ಮೊದಲು ನಡಿಗೆ, ಆಮೇಲೆ ಕೈ-ಮಂಡಿ ಊರಿ ಎದುರು ಬದಿಯ ಕೈಕಾಲು ಚಾಚುವುದು, ಪಕ್ಕಕ್ಕೆ ಮಲಗಿ ಮೊಣಕೈ ಮೇಲೆ ಮೈ ಎತ್ತುವುದು. ತಿಂಗಳುಗಟ್ಟಲೆ ಇಷ್ಟೇ. ನಂತರ ಚೆಂಡನ್ನು ಮೆಲ್ಲಗೆ ಗುಳಿಗೆ ತಳ್ಳುವ ಕೋಲು ಪಟ್ಟರ್, ಆಮೇಲೆ ಹತ್ತಿರಕ್ಕೆ ಹೊಡೆಯುವ ಸಣ್ಣ ಚಿಪ್‌ಗಳು, ಲೋಹದ ತಲೆಯ ಗಿಡ್ಡ ಕೋಲು ಐರನ್‌ಗಳು. ಡ್ರೈವರ್ ಎಲ್ಲಕ್ಕಿಂತ ಕೊನೆಗೆ. ಎಡಪಾದ ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲಲು, ಹೊಡೆದ ಮೇಲೆ ಬಿಲ್ಲಿನಂತೆ ಹಿಂದಕ್ಕೆ ಬಾಗದೆ ನೆಟ್ಟಗೆ ನಿಲ್ಲಲು ಕಲಿಸಿದರು. ಚೆಂಡು ಈಗ ಮೊದಲಿನಷ್ಟು ದೂರ ಹೋಗಲ್ಲ. ಬೇಡ ಬಿಡಿ.

ರಾತ್ರಿ ನಾನು ಮಗ್ಗುಲು ಬದಲಿಸಿದಾಗಲೆಲ್ಲ ಎದ್ದು ಮಂಡಿಗಳ ನಡುವೆ ದಿಂಬು ಸರಿಪಡಿಸಿದವಳು ನನ್ನ ಹೆಂಡತಿ. ಸಿಡುಕಿದ್ದೇನೆ, ರೇಗಿದ್ದೇನೆ. ಅವಳು ಎಲ್ಲ ಸಹಿಸಿಕೊಂಡಳು. ಅದಕ್ಕೆ ಸಾಕಾಗುವ ಮಾತು ನನ್ನಲ್ಲಿಲ್ಲ.

ಇನ್ನು ನಮ್ಮ ಕ್ಯಾಡಿ, ಆಟದಲ್ಲಿ ಬ್ಯಾಗು ಹೊತ್ತು ಜೊತೆಗೆ ಬರುವವರು. ನೋವು ಶುರುವಾಗುವ ಮುಂಚೆಯೇ, "ಸಾರ್, ನೀವು ಬಗ್ಗೋದು ಸರಿ ಕಾಣ್ತಿಲ್ಲ" ಅಂತ ಎರಡು ಸಲ ಹೇಳಿದ್ದರು. ಕಿವಿಗೆ ಹಾಕಿಕೊಳ್ಳಲಿಲ್ಲ. ವಾಪಸ್ ಬಂದ ಮೇಲೆ ಟೀ ಅನ್ನೋ ಪುಟ್ಟ ಗೂಟದ ಮೇಲೆ ಚೆಂಡು ಇಟ್ಟವರು, ಹೋಲಿನಿಂದ ತೆಗೆದವರು ಅವರೇ. ಎಂಟು ಹತ್ತು ಕೇಜಿ ಬ್ಯಾಗು ನನ್ನ ಭುಜಕ್ಕೆ ತಾಗಲೂ ಬಿಡಲಿಲ್ಲ. ಪಟ್ಟರ್ ಮೇಲೆ ಕೈ ಊರಿ, ಒಂದು ಕಾಲನ್ನು ಹಿಂದಕ್ಕೆ ಎತ್ತಿ, ಬೆನ್ನು ನೇರ ಇಟ್ಟು ಚೆಂಡು ತೆಗೆಯೋದನ್ನು ತಾವೇ ಮಾಡಿ ತೋರಿಸಿದರು. ಫಿಜಿಯೋಗಳೂ ಇದನ್ನೇ ಹೇಳಿಕೊಡುತ್ತಾರೆ ಅಂತ ಮೇಡಂ ಹೇಳಿದಾಗ ಅವರಿಗೆ ಎಷ್ಟು ಖುಷಿಯಾಯಿತು!

ಭಾನುವಾರ 18ನೇ ಹೋಲಿನಲ್ಲಿ ಹಾಗೇ ನಾನೇ ಚೆಂಡು ತೆಗೆದೆ. ಅವರ ಕೈಗಿಟ್ಟೆ. ಅದನ್ನು ಜೇಬಿಗೆ ಹಾಕಿಕೊಂಡು, "ಬ್ಯಾಗ್ ಮಾತ್ರ ಮುಂದೇನೂ ನಂಗೇ ಬಿಡಿ ಸಾರ್" ಅಂದರು.