ಪಿಎಚ್‌ಡಿ ಮುಗಿಯಿತು, ಅತ್ತಿಗೆಗೆ ನಮಸ್ಕಾರ

ಹೋದ ವಾರ ವೈವಾ ಆಯಿತು. ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್ ನಾಟಕಗಳಲ್ಲಿ ಸಂಯಮ ಅನ್ನೋ ವಿಷಯ ಹಿಡಿದು ಕೂತವನಿಗೆ ಕೊನೆಗೂ ಪಿಎಚ್‌ಡಿ ಸಿಕ್ಕಿತು. ಪ್ರತಿ ಕರಡನ್ನೂ ಓದಿದ ಗೈಡ್ ಮೇಡಂ, ಕೇಳಿದ ಪುಸ್ತಕ ಹುಡುಕಿಕೊಟ್ಟ ಲೈಬ್ರರಿಯವರು, ಅಡಿಟಿಪ್ಪಣಿ ತಿದ್ದಿದ ಗೆಳೆಯರು, ಫೀಸು ಕಟ್ಟಿದ ಅಣ್ಣ, ಎಲ್ಲರಿಗೂ ಮನಸಾರೆ ಧನ್ಯವಾದ.

ಅತ್ತಿಗೆ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೀಬೇಕು.

1603ರಲ್ಲಿ ಥಾಮಸ್ ಹೇವುಡ್ ಬರೆದ 'ಎ ವುಮನ್ ಕಿಲ್ಡ್ ವಿತ್ ಕೈಂಡ್‌ನೆಸ್' ನಾಟಕದಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಒಂದು ಅನುಕೂಲಸ್ಥರ ಮನೆ, ಅಷ್ಟೇ. ಯಜಮಾನ ಫ್ರಾಂಕ್‌ಫರ್ಡ್ ನಡುರಾತ್ರಿ ಗುಟ್ಟಾಗಿ ಮಾಡಿಸಿಕೊಂಡ ಬೀಗದ ಕೈಗಳಿಂದ ಒಂದೊಂದೇ ಬಾಗಿಲು ತೆಗೆದು ಒಳಗೆ ಬರುತ್ತಾನೆ. ತಾನೇ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದ ಗೆಳೆಯ ವೆಂಡಲ್ ಅವನ ಹೆಂಡತಿ ಜೊತೆ ಮಲಗಿದ್ದಾನೆ. ಫ್ರಾಂಕ್‌ಫರ್ಡ್ ಕತ್ತಿ ಹಿರಿದು ಅಟ್ಟಿಸಿಕೊಂಡು ಹೋಗುತ್ತಾನೆ. ಆಗ ನಿದ್ದೆಯಿಂದ ಎದ್ದು ಬಂದ ಕೆಲಸದ ಹುಡುಗಿ ಅವನ ಕೈ ಹಿಡಿದು ನಿಲ್ಲಿಸುತ್ತಾಳೆ. ಆ ಗಳಿಗೆಯಲ್ಲಿ ಅವಳ ಬಾಯಲ್ಲಿ ಒಂದು ಮಾತೂ ಇಲ್ಲ. ದೇವದೂತನ ಕೈಯಂತೆ ಬಂದು ತಡೆದೆ ಎಂದು ಅವನೇ ಅವಳಿಗೆ ಕೃತಜ್ಞತೆ ಹೇಳುತ್ತಾನೆ. ನನ್ನ ನಾಲ್ಕನೇ ಅಧ್ಯಾಯ ಪೂರ್ತಿ ಆ ಹುಡುಗಿಯದು.

ಅದು ನನಗೆ ಹೊಳೆದದ್ದು ಅತ್ತಿಗೆಯಿಂದ. ಆ ರಾತ್ರಿ ನಮ್ಮ ಮನೆಯಲ್ಲಿ ಏನಾಯಿತು ಅಂತ ಹತ್ತಿರದವರಿಗೆ ಗೊತ್ತು, ಮತ್ತೆ ಬೇಡ. ನಾನು ಚಪ್ಪಲಿ ಮೆಟ್ಟಿ ಹೊರಟಿದ್ದೆ. ಹೋಗಿದ್ದರೆ ಏನು ಮಾಡಿಬಿಡುತ್ತಿದ್ದೆನೋ, ಇವತ್ತಿಗೂ ನೆನೆಸಿಕೊಂಡರೆ ಮೈ ನಡುಗುತ್ತದೆ. ಅತ್ತಿಗೆ ನೆನೆಸಿದ ಅವರೆಕಾಳು ಹಿತುಕುತ್ತಿದ್ದವರು ಹಾಗೇ ಎದ್ದು ಬಂದು ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು. "ಬೆಳಗಾಗ್ಲಿ. ಆಗ್ಲೂ ಹೋಗ್ಬೇಕು ಅನ್ಸಿದ್ರೆ ನಾನೂ ಬರ್ತೀನಿ." ಅವತ್ತು ನನಗಿಂತ ಜಾಸ್ತಿ ಬೈಗುಳ ತಿಂದವರು ಅವರೇ. ಆದರೂ ಬೆಳಗಿನವರೆಗೂ ನನ್ನ ಪಕ್ಕದಲ್ಲೇ ಕೂತಿದ್ದರು, ಪಾತ್ರೆ ತುಂಬಾ ಅವರೆಕಾಳು ಹಿತುಕುತ್ತಾ.

ಫ್ರಾಂಕ್‌ಫರ್ಡ್‌ಗೆ ಅದು ಸಿಗಲಿಲ್ಲ. ಕೈ ತಡೆದ ಮೇಲೆ ಅವನು ಒಬ್ಬನೇ ತನ್ನ ಓದುವ ಕೋಣೆಗೆ ಹೋಗುತ್ತಾನೆ, ತೀರ್ಪು ಹಿಡಿದು ಹೊರಬರುತ್ತಾನೆ. ಹೆಂಡತಿಗೆ ಒಂದೇಟೂ ಹೊಡೆಯುವುದಿಲ್ಲ. ಬೇರೆ ಮನೆ ಕೊಟ್ಟು, ಗಂಡ ಮಕ್ಕಳ ಮುಖ ನೋಡದ ಹಾಗೆ ದೂರ ಕಳಿಸುತ್ತಾನೆ. ಅವಳು ಊಟ ಬಿಟ್ಟು ಸಾಯುತ್ತಾಳೆ. ಶೇಕ್ಸ್‌ಪಿಯರ್‌ನ 'ಮೆಷರ್ ಫಾರ್ ಮೆಷರ್' ನಾಟಕದ ಏಂಜೆಲೊ ಕೂಡ ಹಾಗೇ. ಊರೆಲ್ಲ ಮೆಚ್ಚುವ ಕಟ್ಟುನಿಟ್ಟಿನ ಮನುಷ್ಯ, ಆಸೆ ಎದ್ದಾಗ ಒಬ್ಬನೇ ನಿಂತು ತನ್ನ ಜೊತೆ ತಾನೇ ವಾದ ಮಾಡಿ ಸೋಲುತ್ತಾನೆ. ಪಕ್ಕದಲ್ಲಿ ಕೂರುವವರು ಅವನಿಗೂ ಇರಲಿಲ್ಲ.

ಸಂಯಮಕ್ಕೆ ಪಕ್ಕದಲ್ಲಿ ಒಬ್ಬರು ಬೇಕು ಅನ್ನೋ ಈ ಮಾತು ಎಲ್ಲಿಂದ ಬಂತು ಅಂತ ವೈವಾದಲ್ಲಿ ಕೇಳಿದರು. ನಾಟಕದ ಸಾಲುಗಳನ್ನು ತೋರಿಸಿದೆ. ಅತ್ತಿಗೆಯ ಹೆಸರು ಹೇಳೋಕೆ ಹೋದೆ, ಗಂಟಲು ಕಟ್ಟಿತು.

ಅತ್ತಿಗೆ, ಮೊದಲ ಪುಟದಲ್ಲಿ ನಿಮ್ಮ ಹೆಸರಿದೆ. ಇಂಗ್ಲಿಷಿನಲ್ಲಿದೆ ಅಂತ ಎತ್ತಿಡಬೇಡಿ. ಭಾನುವಾರ ಬರ್ತೀನಿ, ನಾಲ್ಕನೇ ಅಧ್ಯಾಯವನ್ನು ಕೂತು ಕನ್ನಡದಲ್ಲಿ ಹೇಳ್ತೀನಿ. ಎಲ್ಲಿ ಒಪ್ಪಲಿಲ್ಲವೋ ಅಲ್ಲಿ ನಿಲ್ಲಿಸಿ ಕೇಳಿ.